ಜೀವಕೋಶದ ಉಸಿರಾಟ ತೋರಿಸೋಕೆ ಮೊಳಕೆ ಕಾಳೋ, ಯೀಸ್ಟೋ? ಮಾಡಿ ನೋಡಿದವರು ಹೇಳಿ

ಹೊಸ ಟೀಚರ್: ಆಹಾರದಿಂದ ಜೀವಕೋಶ ಶಕ್ತಿ ತೆಗೆಯೋದನ್ನ ಮಕ್ಕಳು ಕಣ್ಣಾರೆ ನೋಡಬೇಕು ಅಂತ ಆಸೆ. ಇರೋದು ಎರಡೇ ಪೀರಿಯಡ್. ರೆಸ್ಪಿರೋಮೀಟರ್ (ಮೊಳಕೆ ಕಾಳು ಎಳೆಯೋ ಆಮ್ಲಜನಕವನ್ನ ನಳಿಕೆಯಲ್ಲಿ ಬಣ್ಣದ ಹನಿ ಸರಿಯೋದರಿಂದ ತೋರಿಸೋ ಸಾಧನ) ಕಟ್ಟಲಾ, ಯೀಸ್ಟ್ ಸಾಕಾ? ಒಂದು ಗ್ಲೂಕೋಸ್‌ಗೆ ಎಟಿಪಿ (ಕೋಶ ಶಕ್ತಿ ಕೂಡಿಡೋ ಅಣು) 38 ಅನ್ನಲಾ, 32 ಅನ್ನಲಾ?

ಬಟಾಣಿ: ರೆಸ್ಪಿರೋಮೀಟರ್‌ಗೆ ನಾನು ಮೂರು ವಾರ ಸುರಿದಿದ್ದೇನೆ. ಮೊದಲ ಸಲ ಇಂಗಾಲದ ಡೈಆಕ್ಸೈಡ್ ಹೀರೋಕೆ ಇಟ್ಟ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹತ್ತಿಯಿಂದ ಸೋರಿ ಮೊಳಕೆಗೆಲ್ಲ ತಾಗಿತು, ಕಾಳು ಸತ್ತವು. ಎರಡನೇ ಸಲ ಬಿರಡೆ ಹತ್ತಿರ ಗಾಳಿ ನುಸುಳಿ ಬಣ್ಣದ ಹನಿ ಅಲುಗಾಡಲೇ ಇಲ್ಲ. ವ್ಯಾಸಲೀನ್ ಮೆತ್ತಿದೆ. ಮೂರನೇ ಸಲ ಹನಿ ಹಿಂದಕ್ಕೇ ಓಡಿತು! ಒಂದು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯ್ತು, ನಳಿಕೆ ಹಿಡಿದಿದ್ದ ನನ್ನ ಅಂಗೈ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿತ್ತು. ಆಮೇಲೆ ನೀರಿನ ತೊಟ್ಟಿಯಲ್ಲಿ ಇಟ್ಟೆ. ಹೋಲಿಕೆಗೆ ಇಟ್ಟ ಬೇಯಿಸಿದ ಕಾಳು ಮಾರನೇ ದಿನಕ್ಕೆ ಬ್ಯಾಕ್ಟೀರಿಯಾ ಹಿಡಿದು ಅದೂ ಆಮ್ಲಜನಕ ಎಳೆಯತೊಡಗಿತು. ಗಾಜಿನ ಮಣಿ ಹಾಕಿದ ಮೇಲೆ ಸರಿಹೋಯ್ತು. ಕೊನೆಗೆ ಹನಿ ನೆಟ್ಟಗೆ ಸರಿದಾಗ ಆದ ಸಂತೋಷ ಇವತ್ತಿಗೂ ಮರೆತಿಲ್ಲ.

ಹಳೇ ಮೇಷ್ಟ್ರು: ಮೂರು ವಾರ ಯಾಕ್ರೀ? ಸಕ್ಕರೆ ನೀರು, ಯೀಸ್ಟ್, ಬಾಟಲಿ ಬಾಯಿಗೆ ಬಲೂನು. ವರ್ಷಾನುಗಟ್ಟಲೆ ಮಾಡಿಸಿದ್ದೇನೆ, ಒಂದು ಸಲವೂ ಕೈಕೊಟ್ಟಿಲ್ಲ. ಉಗುರು ಬೆಚ್ಚಗಿನ ನೀರಿರಲಿ, ಅಷ್ಟೇ.

ಬಟಾಣಿ: ಮೇಷ್ಟ್ರೇ, ಬಲೂನು ಊದೋದು ಬಹುಪಾಲು ಆಮ್ಲಜನಕ ಬೇಕಿಲ್ಲದ ಹುದುಗುವಿಕೆಯಿಂದ. ಅಲ್ಲಿ ಗ್ಲೂಕೋಸ್‌ಗೆ ಎರಡೇ ಎಟಿಪಿ, ಮಿಕ್ಕ ಶಕ್ತಿಯಲ್ಲಿ ಬಹುಪಾಲು ಆಲ್ಕೊಹಾಲ್‌ನಲ್ಲೇ ಉಳಿಯುತ್ತೆ. ಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತೆಗೆಯೋ ಮೈಟೊಕಾಂಡ್ರಿಯಾದ ಕೆಲಸ ತೋರಿಸಿದ ಹಾಗಾಯ್ತಾ ಅದು?

ಹಳೇ ಮೇಷ್ಟ್ರು: ಹುದುಗುವಿಕೆಯೂ ಶಕ್ತಿ ಪಡೆಯೋ ದಾರಿಯೇ. ನನಗೆ ಪಾಠ ಹೇಳೋದು ಬೇಡ. ಮತ್ತೆ ಲೆಕ್ಕ 38, ನಾವು ಕಲಿತಿದ್ದೂ ಕಲಿಸಿದ್ದೂ ಅದೇ.

ಪ್ರೋಟಾನ್: ಆ 38ರಿಂದ ಸಂದರ್ಶನದಲ್ಲಿ ತಲೆ ತಗ್ಗಿಸಿದವನು ನಾನು, ಅದಕ್ಕೇ ಬರೀತಿದ್ದೇನೆ. ಆಹಾರದ ಎಲೆಕ್ಟ್ರಾನ್ ಹೊತ್ತೊಯ್ಯೋ ಅಣುಗಳಾದ ಎನ್‌ಎಡಿಎಚ್‌ಗೆ 3 ಎಟಿಪಿ, ಎಫ್‌ಎಡಿಎಚ್2ಗೆ 2 ಅಂತ ಹಿಡಿದರೆ 38 ಬರುತ್ತೆ. ಆದರೆ ಒಂದು ಎನ್‌ಎಡಿಎಚ್‌ನಿಂದ ಮೈಟೊಕಾಂಡ್ರಿಯಾದ ಒಳಪೊರೆಯಾಚೆ ಹೋಗೋದು ಸುಮಾರು 10 ಪ್ರೋಟಾನ್ (ಹೈಡ್ರೋಜನ್ ಅಯಾನು). ಅವು ವಾಪಸ್ ಹರಿಯುವಾಗ ಎಟಿಪಿ ಆಗುತ್ತೆ. ಒಂದು ಎಟಿಪಿಗೆ, ಫಾಸ್ಫೇಟ್ ಒಳಗೆ ತರೋ ಖರ್ಚೂ ಸೇರಿ, ಸುಮಾರು 4 ಬೇಕು. ಅಂದರೆ ಎರಡೂವರೆ. ಎಫ್‌ಎಡಿಎಚ್2ಗೆ ಒಂದೂವರೆ. ಹತ್ತು ಎನ್‌ಎಡಿಎಚ್‌ಗೆ 25, ಎರಡು ಎಫ್‌ಎಡಿಎಚ್2ಗೆ 3, ನೇರವಾಗಿ ಸಿಗೋದು 4: 25 + 3 + 4 = 32. ಕೋಶರಸದ (ಮೈಟೊಕಾಂಡ್ರಿಯಾದ ಹೊರಗಿನ) ಎನ್‌ಎಡಿಎಚ್ ಒಳಗೆ ಬರೋ ದಾರಿ ಬೇರೆಯಾದರೆ 30. ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲೇ ಪ್ರೋಟಾನ್ ಒತ್ತಡದ ವಿಷಯ ಹೇಳಿದ್ದರು, 1978ರಲ್ಲಿ ನೊಬೆಲ್ ಕೂಡ ಬಂತು. ಇನ್ನೂ 38 ಹಿಡಿದು ಕೂತರೆ ಮಕ್ಕಳಿಗೆ ಅನ್ಯಾಯ.

ಹಳೇ ಮೇಷ್ಟ್ರು: ಪರೀಕ್ಷೆಯಲ್ಲಿ 32 ಬರೆದು ಅಂಕ ಕಳಕೊಂಡ ಹುಡುಗಿ ನನ್ನೆದುರು ಅತ್ತಿದ್ದಾಳೆ. ಆ ಅನ್ಯಾಯಕ್ಕೆ ಏನಂತೀರಿ?

ಪ್ರೋಟಾನ್: ಉತ್ತರ ತಿದ್ದಿದವರನ್ನ ಕೇಳಿ, ನನ್ನನ್ನಲ್ಲ.

ಹೊಸ ಟೀಚರ್: ದಯವಿಟ್ಟು ಜಗಳ ಬೇಡ. ಎರಡು ಪೀರಿಯಡ್‌ನಲ್ಲಿ ಮುಗಿಯೋದು ಯಾವುದು?

ನೀಲಿ: ಯೀಸ್ಟ್ ದ್ರಾವಣಕ್ಕೆ ಮೆಥಿಲೀನ್ ಬ್ಲೂ ಹಾಕಿ. ಆಹಾರದಿಂದ ಕಿತ್ತ ಎಲೆಕ್ಟ್ರಾನ್ ಬಣ್ಣಕ್ಕೆ ಸೇರಿ ನೀಲಿ ಮಾಯವಾಗುತ್ತೆ, ಕುಲುಕಿದರೆ ಗಾಳಿಯ ಆಮ್ಲಜನಕ ಅದನ್ನ ಕಸಿದುಕೊಂಡು ನೀಲಿ ವಾಪಸ್ ಬರುತ್ತೆ. ಎರಡೇ ಹನಿ ಸಾಕು. ನಾನು ಜಾಸ್ತಿ ಸುರಿದು ಇಡೀ ಪೀರಿಯಡ್ ಕಾದಿದ್ದೇನೆ, ಬಣ್ಣ ಹೋಗಲೇ ಇಲ್ಲ.