ಔಷಧಿ ಕ್ಯಾಪ್ಸೂಲ್, ಹಳೇ ಚರ್ಮದ ಶೂ: ವೀಗನ್ ಆದವರು ಏನು ಮಾಡುತ್ತೀರಿ?

ಹೊಸಚಿಗುರು:
ಮಾಂಸ, ಮೊಟ್ಟೆ, ಹಾಲು, ಜೇನು ಎಲ್ಲ ಬಿಟ್ಟಿದ್ದೇನೆ. ಊಟದ್ದು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ತಲೆಬಿಸಿ ಇರೋದು ಉಳಿದದ್ದರಲ್ಲಿ. ಡಾಕ್ಟರ್ ಬರೆದುಕೊಟ್ಟ ಕ್ಯಾಪ್ಸೂಲಿನ ಹೊರಗಿನ ಕವಚ ಜೆಲಟಿನ್, ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಮನೆಯಲ್ಲಿ ಹಳೇ ಚರ್ಮದ ಶೂ ಇದೆ, ಉಣ್ಣೆ ಸ್ವೆಟರ್ ಇದೆ. ಎಸೆಯಬೇಕಾ? ಇದರ ಮೇಲೆ ‘ಹೊಲ ಉಳುವಾಗಲೂ ಜೀವ ಸಾಯುತ್ತೆ, ಸುಮ್ನೆ ಯಾಕೆ ನಾಟಕ’ ಅನ್ನುವವರು ಬೇರೆ. ಅವರಿಗೆ ಏನು ಹೇಳುತ್ತೀರಿ?

ಬೇರುಕಾಂಡ:
ಔಷಧಿ ತಗೊಳ್ಳಿ, ಅದರಲ್ಲಿ ಎರಡು ಮಾತಿಲ್ಲ. 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಇಂಗ್ಲೆಂಡಿನಲ್ಲಿ ಶುರು ಮಾಡಿದ ವೀಗನ್ ಸೊಸೈಟಿ ಇದೆಯಲ್ಲ, ವೀಗನ್ ಅಂದರೆ ಏನು ಅನ್ನೋ ಅವರ ವಿವರಣೆಯಲ್ಲೇ ‘ಸಾಧ್ಯವಾದಷ್ಟು, ಕೈಲಾದಷ್ಟು’ ಅನ್ನೋ ಅರ್ಥದ ಮಾತಿದೆ. ಅದೇ ಔಷಧಿ ಮಾತ್ರೆ ರೂಪದಲ್ಲೋ, ಸಸ್ಯದ ಸೆಲ್ಯುಲೋಸ್ ಕವಚದಲ್ಲೋ ಸಿಗುತ್ತಾ ಅಂತ ಔಷಧಿ ಅಂಗಡಿಯವರನ್ನು ಕೇಳಿ. ಸಿಗದಿದ್ದರೆ ಇರೋದನ್ನೇ ನುಂಗಿ. ನೀವಾಗಿಯೇ ಕವಚ ಬಿಚ್ಚಿ ಪುಡಿ ಕುಡಿಯಲು ಹೋಗಬೇಡಿ, ಕೆಲವು ಔಷಧಿ ನಿಧಾನವಾಗಿ ಕರಗಲಿ ಅಂತಲೇ ಹಾಗೆ ತುಂಬಿರುತ್ತಾರೆ. ಅಂದ ಹಾಗೆ ವಿಟಮಿನ್ ಬಿ12 ತಗೊಳ್ಳುತ್ತಿದ್ದೀರಾ? ಅದನ್ನು ತಯಾರಿಸೋದು ಬ್ಯಾಕ್ಟೀರಿಯಾ, ಸೊಪ್ಪು ಕಾಳು ನಂಬಿ ಕೂರುವಂತಿಲ್ಲ. ಕೊರತೆಯಾದರೆ ನರಗಳಿಗೇ ಪೆಟ್ಟು. ವಿಟಮಿನ್ ಡಿ3 ಕೊಳ್ಳುವಾಗಲೂ ನೋಡಿ, ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿರುತ್ತಾರೆ, ಕಲ್ಲುಹೂವಿನಿಂದ ಮಾಡಿದ್ದೂ ಇದೆ.

ಸವೆದಹಾದಿ:
ಶೂ ಸವೆಯುವ ತನಕ ಹಾಕಿಕೊಳ್ಳಿ. ಎಸೆದರೆ ಯಾವ ಪ್ರಾಣಿಗೂ ಉಪಯೋಗವಿಲ್ಲ, ಕಸ ಜಾಸ್ತಿ ಆಗುತ್ತೆ ಅಷ್ಟೇ. ಮುಂದಿನ ಜೊತೆ ಕೊಳ್ಳುವಾಗ ಯೋಚನೆ ಮಾಡಿದರೆ ಸಾಕು.

ತುಂಬೆಹೂ:
ನಾನು ಒಪ್ಪಲ್ಲ. ಲೆಕ್ಕಕ್ಕೆ ಅದು ಸರಿ ಇರಬಹುದು, ಆದರೆ ಅದು ಯಾರದೋ ಚರ್ಮ ಅಂತ ಒಮ್ಮೆ ಅನ್ನಿಸಿದ ಮೇಲೆ ನನಗೆ ಕಾಲು ಹಾಕಲು ಆಗಲಿಲ್ಲ. ಬೇಕಾದವರಿಗೆ ಕೊಟ್ಟುಬಿಟ್ಟೆ, ಅವರು ಹೊಸದು ಕೊಳ್ಳೋದು ತಪ್ಪಿತು. ನಿಮಗೆ ಮುಜುಗರ ಇಲ್ಲದಿದ್ದರೆ ಇಟ್ಟುಕೊಳ್ಳಿ, ಅದಕ್ಕೂ ನಾನು ಬೈಯಲ್ಲ.

ಹೊಲದ ವಿಷಯ: ಬೆಳೆ ಬೆಳೆಯುವಾಗ ಜೀವ ಸಾಯೋದು ನಿಜ, ಇಲ್ಲ ಅನ್ನಬೇಡಿ. ಆದರೆ ಸಾಕಿದ ಪ್ರಾಣಿಯೂ ತಿನ್ನಬೇಕಲ್ವಾ? ಅದು ತಿಂದಿದ್ದರಲ್ಲಿ ಸ್ವಲ್ಪವೇ ಮಾಂಸ, ಹಾಲಾಗಿ ವಾಪಸ್ ಬರೋದು. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪೂರ್ ಮತ್ತು ನೆಮೆಚೆಕ್ ಅವರ ಅಧ್ಯಯನದ ಪ್ರಕಾರ, ಜಗತ್ತು ಪ್ರಾಣಿಮೂಲದ ಆಹಾರ ಪೂರ್ತಿ ಬಿಟ್ಟರೆ ಆಹಾರಕ್ಕೆ ಬಳಸುವ ಭೂಮಿ ಸುಮಾರು 76% ಕಡಿಮೆಯಾಗುತ್ತೆ. ಅದರಲ್ಲಿ ಬಹಳಷ್ಟು ಮೇಯುವ ಜಾಗ ಅನ್ನೋದನ್ನೂ ಹೇಳಿಬಿಡಿ, ಇಲ್ಲದಿದ್ದರೆ ಅವರೇ ಹುಡುಕಿ ನಿಮ್ಮನ್ನು ಹಿಡಿಯುತ್ತಾರೆ.

ಒಂದುಮಾತು:
ನಾನು ವೀಗನ್ ಅಲ್ಲ, ಓದುತ್ತಿದ್ದೆ ಅಷ್ಟೇ. ಮಾಂಸ ಬಿಡೋದು ಅರ್ಥವಾಗುತ್ತೆ. ಹಾಲು ಕರೆದರೆ ಹಸು ಸಾಯಲ್ಲವಲ್ಲ?

ತುಂಬೆಹೂ:
ಕರು ಹಾಕದೆ ಹಸು ಹಾಲು ಕೊಡಲ್ಲ. ಹುಟ್ಟಿದ್ದು ಗಂಡಾದರೆ ಹೈನು ಉದ್ಯಮಕ್ಕೆ ಅದರಿಂದ ಲಾಭವಿಲ್ಲ, ಹಾಲು ಇಳಿದ ಮೇಲೆ ತಾಯಿಯಿಂದಲೂ ಇಲ್ಲ. ಆಮೇಲೆ ಅವು ಎಲ್ಲಿಗೆ ಹೋಗುತ್ತವೆ ಅಂತ ಕೇಳಿ ನೋಡಿ. ಮೊಟ್ಟೆಯದ್ದೂ ಅದೇ ಕಥೆ. ಮೊಟ್ಟೆ ತಳಿಯ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ಮಾಮೂಲಿ. ಜರ್ಮನಿ 2022ರಿಂದ ಅದನ್ನು ನಿಷೇಧಿಸಿದೆ.

ಹೊಸಚಿಗುರು:
ಕ್ಯಾಪ್ಸೂಲ್ ಬಗ್ಗೆ ನಾಳೆಯೇ ಕೇಳುತ್ತೇನೆ. ಬಿ12 ತಗೊಳ್ಳುತ್ತಿಲ್ಲ, ಅದನ್ನೂ ತರುತ್ತೇನೆ. ಶೂ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ.