ಸಹಾಯ ಬೇಕು: ಮೊದಲ ಡೇಟ್, ಭಾನುವಾರವೇ ಸಾಲ್ಸಾ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ ಮಲ್ಲೇಶ್ವರದಲ್ಲಿ ಅಕ್ಕನ ಮಗುವಿನ ನಾಮಕರಣ, ಮಧ್ಯಾಹ್ನ ಗಾಂಧಿ ಬಜಾರಿನಲ್ಲಿ ಕಾಲೇಜು ಗೆಳೆಯರು. ಸಂಜೆ 5ಕ್ಕೆ ಕಬ್ಬನ್ ಪಾರ್ಕಿನಲ್ಲಿ ಡೇಟ್‌ಗೆ ಬರೋವ್ರನ್ನ ಮೊದಲ ಸಲ ಭೇಟಿಯಾಗ್ತಿದ್ದೀನಿ. ಅಲ್ಲಿಂದ ನೇರಳೆ ಮೆಟ್ರೋದಲ್ಲಿ ನಾಲ್ಕನೇ ಸ್ಟಾಪ್ ಇಂದಿರಾನಗರ, ಅಲ್ಲಿ ಜೋಡಿಯಾಗಿ ಮಾಡೋ ಸಾಲ್ಸಾ ಡ್ಯಾನ್ಸ್. ಅವರಿಗೆ ಡ್ಯಾನ್ಸ್ ಅಂದ್ರೆ ಪ್ರಾಣ.

ಮೂರು ರಾತ್ರಿಯಿಂದ ಅಡುಗೆಮನೆಯಲ್ಲಿ ಬರಿಗಾಲಲ್ಲಿ ಅಭ್ಯಾಸ ಮಾಡ್ತಿದ್ದೀನಿ: ಎಂಟರವರೆಗೆ ಎಣಿಸ್ತಾ, ಒಂದಕ್ಕೆ ಎಡಗಾಲು ಮುಂದೆ, ಐದಕ್ಕೆ ಬಲಗಾಲು ಹಿಂದೆ, ನಾಲ್ಕಕ್ಕೆ, ಎಂಟಕ್ಕೆ ನಿಲ್ಲಬೇಕು. ಆ ನಾಲ್ಕರಲ್ಲೇ ಕಾಲು ನಿಲ್ತಾ ಇಲ್ಲ. ಬಲ್ಲವರು ಯಾರಾದ್ರೂ ಶನಿವಾರ ಒಂದು ಗಂಟೆ ಹೇಳಿಕೊಡ್ತೀರಾ? ಜಯನಗರ, ಬಸವನಗುಡಿ ಕಡೆ ಎಲ್ಲಿ ಹೇಳಿದ್ರೂ ಬರ್ತೀನಿ. ರಬ್ಬರ್ ಸೋಲ್ ಶೂ ತಿರುಗುವಾಗ ನೆಲ ಕಚ್ಚಿ ಹಿಡಿಯುತ್ತೆ, ಬದಲಿಗೆ ಏನು ಹಾಕ್ಕೊಳ್ಳಲಿ? ಅವರ ಸಂಜೆ ಚೆನ್ನಾಗಿರಬೇಕು ಅಂತ ತುಂಬಾ ಆಸೆ.