ಕ್ಷಿಪಣಿ ತಡೆಯೋಕೆ ಅಷ್ಟೊಂದು ಪದರ ಯಾಕೆ?

ಕುತೂಹಲಿ:
ಬ್ಯಾಲಿಸ್ಟಿಕ್ ಕ್ಷಿಪಣಿ ತಡೆ ಅಂದ ಕೂಡಲೇ ಎಲ್ಲರೂ ಪದರ ಪದರ ಅನ್ನುತ್ತಾರೆ. ಇಸ್ರೇಲ್‌ನಲ್ಲಿ ತುಂಬಾ ಮೇಲೆ ಹೊಡೆಯೋಕೆ ಆ್ಯರೋ ಅನ್ನೋ ತಡೆ ಕ್ಷಿಪಣಿ, ಅದನ್ನು ದಾಟಿ ಕೆಳಗೆ ಬಂದದ್ದಕ್ಕೆ ಡೇವಿಡ್ಸ್ ಸ್ಲಿಂಗ್. ಅಮೆರಿಕದ ಪಟ್ಟಿ ಇನ್ನೂ ಉದ್ದ. ಒಂದೇ ಒಳ್ಳೆ ಕ್ಷಿಪಣಿ ಮಾಡಿ ಅದನ್ನೇ ಜಾಸ್ತಿ ಇಟ್ಟರೆ ಸಾಲದಾ? ಇನ್ನೊಂದು, ಒಂದು ಪದರ 70% ತಡೆದರೆ ಮೂರು ಪದರ ದಾಟಿ ಬರುವುದು ನೂರಕ್ಕೆ ಮೂರೂ ಇಲ್ಲ. ಲೆಕ್ಕ ಸರಿ ಅಲ್ವಾ?

ರೇಡಾರ್ ತಾತ:
ಗುಣಾಕಾರ ಸರಿ ಇದೆ. ಆದರೆ ಒಂದು ಪದರ ಯಾವ ಕಾರಣಕ್ಕೆ ಸೋತಿತೋ ಅದೇ ಕಾರಣಕ್ಕೆ ಇನ್ನೊಂದೂ ಸೋತರೆ ಆ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ನಾನು ರೇಡಾರ್ ಸಾಫ್ಟ್‌ವೇರ್ ಪರೀಕ್ಷೆ ಮಾಡಿಕೊಂಡೇ ನಿವೃತ್ತನಾದವನು. ಯಾರಾದರೂ ಹೊಸ ಪದರ ಅಂದರೆ ನಾನು ಕ್ಷಿಪಣಿ ಬಗ್ಗೆ ಕೇಳುವುದಿಲ್ಲ, ಅದಕ್ಕೆ ಗುರಿ ತೋರಿಸುವುದು ಯಾರು ಅಂತ ಕೇಳುತ್ತೇನೆ.

ಖಂಡಾಂತರ ಕ್ಷಿಪಣಿಯ ಮೋಟಾರು ಉರಿಯುವುದು 3ರಿಂದ 5 ನಿಮಿಷ. ಆಗ ಬೆಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಅದು ಇರುವುದು ಎದುರಾಳಿಯ ನೆಲದ ಮೇಲೆ. ಆಮೇಲೆ ಸುಮಾರು 20 ನಿಮಿಷ ಗಾಳಿಯಿಲ್ಲದ ಎತ್ತರದಲ್ಲಿ ಹಾರಾಟ. ಹೊಡೆಯಲು ಟೈಮ್ ಸಿಗುವುದು ಅಲ್ಲೇ. ಕಷ್ಟ ಏನೆಂದರೆ ಗಾಳಿಯಿಲ್ಲದ ಕಡೆ ಭಾರದ ಸಿಡಿತಲೆಯೂ ಮೋಸಗೊಳಿಸಲು ಜೊತೆಗೆ ಬಿಟ್ಟ ಖಾಲಿ ಬಲೂನೂ ಒಂದೇ ವೇಗದಲ್ಲಿ ಜೊತೆಜೊತೆಗೇ ಹೋಗುತ್ತವೆ. ಕೆಳಗಿಳಿದು ಗಾಳಿ ತಾಗಿದಾಗ ಬಲೂನ್ ಹಿಂದೆ ಉಳಿಯುತ್ತದೆ, ಅಸಲಿ ಯಾವುದೆಂದು ಗೊತ್ತಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ಉಳಿದಿರುವುದು ಒಂದು ನಿಮಿಷವೋ ಏನೋ. ಮೇಲಿನ ಪದರಕ್ಕೂ ಕೆಳಗಿನದಕ್ಕೂ ಕಷ್ಟ ಬೇರೆ ಬೇರೆ, ಅದಕ್ಕೇ ಎರಡೂ ಬೇಕು.

ಅದನ್ನೇ ಜಾಸ್ತಿ ಇಡೋಣ ಅಂದಿರಲ್ಲ, 1991ರ ಫೆಬ್ರವರಿ 25ರಂದು ಸೌದಿಯ ಧಹ್ರಾನ್‌ನಲ್ಲಿ ಆದದ್ದು ನೋಡಿ. ಅಮೆರಿಕದ ಪೇಟ್ರಿಯಟ್ ಅನ್ನುವ ಕ್ಷಿಪಣಿ ತಡೆ ವ್ಯವಸ್ಥೆಯ ಕಂಪ್ಯೂಟರ್ ನಿಲ್ಲಿಸದೆ 100 ಗಂಟೆ ಓಡಿತ್ತು. ಅದು ಕಾಲವನ್ನು 0.1 ಸೆಕೆಂಡಿನ ಲೆಕ್ಕದಲ್ಲಿ ಎಣಿಸುತ್ತಿತ್ತು. 0.1 ಬೈನರಿಯಲ್ಲಿ, ಅಂದರೆ ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕದಲ್ಲಿ, ಪೂರ್ತಿ ಕೂರುವುದಿಲ್ಲ, ಬಾಲ ಕತ್ತರಿಸಬೇಕು. ಆ ಚೂರುಗಳೆಲ್ಲ ಸೇರಿ 0.34 ಸೆಕೆಂಡ್ ಆಯಿತು. ಅಷ್ಟರಲ್ಲಿ ಇರಾಕ್ ಹಾರಿಸಿದ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಸಾಗುತ್ತದೆ. ರೇಡಾರ್ ಹುಡುಕಿದ ಜಾಗದಲ್ಲಿ ಏನೂ ಇರಲಿಲ್ಲ, ತಡೆ ಕ್ಷಿಪಣಿ ಹಾರಲೇ ಇಲ್ಲ. 28 ಸೈನಿಕರು ಸತ್ತರು. ಅಲ್ಲಿ ಅದೇ ಸಾಫ್ಟ್‌ವೇರ್ ಓಡುವ ಇನ್ನೂ ಹತ್ತು ಪೇಟ್ರಿಯಟ್ ಘಟಕ ಅಷ್ಟೇ ಹೊತ್ತು ನಿಲ್ಲದೆ ಓಡಿದ್ದರೆ ಏನು ಪ್ರಯೋಜನ, ಹೇಳಿ?

ಬರೀಮಾತು:
ಎಲ್ಲ ಸುಮ್ನೆ ಖರ್ಚು ಸ್ವಾಮಿ. ಖಂಡಾಂತರ ಕ್ಷಿಪಣಿಗೆ ಅಂತ ಅಮೆರಿಕ ಅಲಾಸ್ಕಾ, ಕ್ಯಾಲಿಫೋರ್ನಿಯಾದಲ್ಲಿ ನಿಲ್ಲಿಸಿಕೊಂಡಿದ್ದು 44 ತಡೆ ಕ್ಷಿಪಣಿ. ಒಂದು ಗುರಿಗೆ ನಾಲ್ಕು ಹಾರಿಸಿದರೆ 11ಕ್ಕೇ ಖಾಲಿ. ರಷ್ಯಾ ಮನಸ್ಸು ಮಾಡಿದರೆ?

ರೇಡಾರ್ ತಾತ:
ರಷ್ಯಾ ಮುಂದೆ ಅದು ಏನೂ ಅಲ್ಲ, ಒಪ್ಪುತ್ತೇನೆ. ಅದನ್ನು ನಿಲ್ಲಿಸಿರುವುದು ಉತ್ತರ ಕೊರಿಯಾದಂಥವರು ಹಾರಿಸಬಹುದಾದ ಕೆಲವಕ್ಕೆ. ಆದರೆ ಖಾಲಿಯಾಗುವ ಮಾತಿಗೂ ಪದರವೇ ಉತ್ತರ. ಮೇಲೆ ಹೊಡೆದು, ಏನು ಉಳಿಯಿತು ನೋಡಿ, ಉಳಿದದ್ದಕ್ಕೆ ಮಾತ್ರ ಕೆಳಗಿನಿಂದ ಹಾರಿಸಿದರೆ ಕಡಿಮೆ ಕ್ಷಿಪಣಿ ಸಾಕು. ಒಂದೇ ಪದರವಾದರೆ ನೋಡುವಷ್ಟು ಟೈಮ್ ಎಲ್ಲಿ? ಭಯಕ್ಕೆ ಒಟ್ಟಿಗೇ ನಾಲ್ಕು ಹಾರಿಸಬೇಕು.

ಆ ‘ನೋಡಿ’ ಅನ್ನುವಲ್ಲೇ ಇರುವುದು ಎಡವಟ್ಟು. ಅಮೆರಿಕದ ಉತ್ತರ ಡಕೋಟಾದಲ್ಲಿದ್ದ ಹಳೆಯ ಕ್ಷಿಪಣಿ ತಡೆ ನೆಲೆ ಸೇಫ್‌ಗಾರ್ಡ್‌ನಲ್ಲೂ ಎರಡು ಪದರ ಇದ್ದವು. ದೂರಕ್ಕೆ ಸ್ಪಾರ್ಟನ್, ಹತ್ತಿರಕ್ಕೆ ಸ್ಪ್ರಿಂಟ್, ಎರಡರ ತಲೆಯಲ್ಲೂ ಅಣುಬಾಂಬ್. ಸ್ಪ್ರಿಂಟ್ ವೇಗ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ, 5 ಸೆಕೆಂಡಿನಲ್ಲಿ ಶಬ್ದದ ಹತ್ತು ಪಟ್ಟು! ಆದರೆ ಮೇಲೆ ಸ್ಪಾರ್ಟನ್ ಸಿಡಿದರೆ ತಮ್ಮದೇ ರೇಡಾರ್ ಮಂಕಾಗುವ ಭಯ ಇತ್ತು. ಅದು ಮಂಕಾದರೆ ಸ್ಪ್ರಿಂಟ್ ಯಾರನ್ನು ನಂಬಿ ಹಾರಬೇಕು? 1975ರಲ್ಲಿ ಚಾಲೂ ಆದ ಆ ನೆಲೆ ಕೆಲವೇ ತಿಂಗಳಲ್ಲಿ ಬಾಗಿಲು ಹಾಕಿತು.

ಕುತೂಹಲಿ:
ಥ್ಯಾಂಕ್ಸ್ ಸರ್. ನಮ್ಮ ಡಿಆರ್‌ಡಿಒದ್ದು?

ರೇಡಾರ್ ತಾತ:
2006ರಲ್ಲಿ ಪಿಎಡಿ ಅನ್ನುವ ತಡೆ ಕ್ಷಿಪಣಿ ಸುಮಾರು 50 ಕಿ.ಮೀ. ಎತ್ತರದಲ್ಲಿ ಹೊಡೆಯಿತು. 2007ರಲ್ಲಿ ಎಎಡಿ ಅನ್ನುವ ಇನ್ನೊಂದು ಅದಕ್ಕಿಂತ ತುಂಬಾ ಕೆಳಗೆ, 15 ಕಿ.ಮೀ. ಆಸುಪಾಸಿನಲ್ಲಿ. ಅಂದರೆ ಎರಡು ಪದರದ ಯೋಚನೆ ಮೊದಲಿಂದಲೂ ಇದೆ. 2022ರ ನವೆಂಬರ್‌ನಲ್ಲಿ ಎಡಿ-1 ಅನ್ನುವ ಹೊಸ ತಡೆ ಕ್ಷಿಪಣಿ ಮೊದಲ ಸಲ ಹಾರಿತು. ಅದು ಇನ್ನೂ ದೂರದಿಂದ ಬರುವ ಕ್ಷಿಪಣಿಗಳಿಗೆ. ಇವೆಲ್ಲ ಪರೀಕ್ಷೆಗಳು ಅನ್ನುವುದು ನೆನಪಿರಲಿ. ಗುರಿಯನ್ನು ಹಾರಿಸುವವರೂ ನಾವೇ. ಒಂದು ರೇಡಾರನ್ನು ಬೇಕಂತಲೇ ಆಫ್ ಮಾಡಿ ಪರೀಕ್ಷೆ ಮಾಡಿದರು ಅಂತ ಸುದ್ದಿ ಬಂದರೆ ನನಗೂ ಒಂದು ಲಿಂಕ್ ಹಾಕಿ.